ಅತ್ತೆಯವರಿಗೆ ಅವಸರವಿರಲಿಲ್ಲ

ನಮ್ಮವರ ಕೆಲಸ ಏನೆಂದು ಯಾರಾದರೂ ಕೇಳಿದರೆ ನಾನು ಎಚ್ಚರಿಕೆಯಿಂದ ಉತ್ತರ ಕೊಡುತ್ತೇನೆ. ಲಿಫ್ಟಿನ ಬಾಗಿಲು ಮುಚ್ಚಿಕೊಳ್ಳುತ್ತಿರುವಾಗ ನಡುವೆ ಯಾರದಾದರೂ ಕೈ ಬಂದರೆ ಅದು ತಕ್ಷಣ ತೆರೆದುಕೊಳ್ಳಬೇಕಲ್ಲ, ಆ 'ತಕ್ಷಣ' ಎನ್ನುವುದು ನಮ್ಮವರ ಕೆಲಸ. ಲಿಫ್ಟಿನ ಹೊಟ್ಟೆಯೊಳಗೆ ಒಂದು ಪುಟ್ಟ ಕಂಪ್ಯೂಟರು ಇರುತ್ತದಂತೆ. ಅದಕ್ಕೆ ತಲೆ ಒಂದೇ, ಕೆಲಸ ನೂರೆಂಟು. ಬಾಗಿಲು ನೋಡಬೇಕು, ಭಾರ ನೋಡಬೇಕು, ಯಾವ ಮಹಡಿ ಎಂದು ದೀಪ ಹೊತ್ತಿಸಬೇಕು, ಇಷ್ಟರ ಮೇಲೆ ಸಂಗೀತವನ್ನೂ ನುಡಿಸಬೇಕು. ಯಾವುದನ್ನು ಮೊದಲು ಮಾಡಬೇಕು, ಯಾವುದನ್ನು ಅರ್ಧಕ್ಕೆ ಬಿಟ್ಟು ಯಾವುದಕ್ಕೆ ಓಡಬೇಕು ಎಂದು ಅದಕ್ಕೆ ಹೇಳಿಕೊಡುವವರು ನಮ್ಮವರು ಮತ್ತು ಅವರ ಹಾಗೆಯೇ ದಪ್ಪ ಕನ್ನಡಕ ಹಾಕಿದ ಇನ್ನು ಕೆಲವರು. ಇಲ್ಲಿಯವರೆಗೆ ಯಾರ ಕೈಯೂ ಸಿಕ್ಕಿಹಾಕಿಕೊಂಡಿಲ್ಲ. ಅಷ್ಟರ ಮಟ್ಟಿಗೆ ಅವರು ತಮ್ಮ ಕೆಲಸ ಬಲ್ಲವರು ಎನ್ನಲು ನನ್ನದೇನೂ ಅಡ್ಡಿಯಿಲ್ಲ.

ನಾವಿರುವ ಕಟ್ಟಡದಲ್ಲಿ ಲಿಫ್ಟ್ ಇಲ್ಲ. ಇದನ್ನು ದೂರು ಎಂದು ತಿಳಿಯಬಾರದು. ಮುಂದೆ ಮೆಟ್ಟಿಲುಗಳ ಮಾತು ಬರುತ್ತದೆ, ಅದಕ್ಕೇ ಮೊದಲೇ ಹೇಳಿದೆ.

ಎಲ್ಲವೂ ಶುರುವಾದದ್ದು ಭಾವನವರ ಹೊಸ ಫರ್ನಿಚರ್ ಅಂಗಡಿಯ ಆರಂಭದ ದಿನ. ಭಾವ ಎಂದರೆ ನನ್ನ ಅಕ್ಕನ ಗಂಡ, ನಮ್ಮವರಿಗೆ ಷಡ್ಡಕ. ದನಿ ಸಣ್ಣದು ಮಾಡಿ ಮಾತಾಡುವುದು ಅವರಿಗೆ ಗೊತ್ತಿಲ್ಲ. ನಾವು ಹೋಗುವಷ್ಟರಲ್ಲಿ ಬಂದವರೆಲ್ಲ ಎದ್ದು, ಬಾಗಿಲ ಬಳಿ ಚಪ್ಪಲಿ ಹುಡುಕುತ್ತಿದ್ದರು.

"ಬಾರಯ್ಯ, ಕ್ಷಣ ಕ್ಷಣ ಎಣಿಸೋ ಇಂಜಿನಿಯರು," ಎಂದರು ಭಾವ. "ಕುರ್ಚಿ ಮಡಿಸೋ ಹೊತ್ತಿಗೆ ಸರಿಯಾಗಿ ಬಂದಿದೀಯ. ಬಂದವನು ಒಂದು ಕೈ ಹಾಕು."

ನಮ್ಮವರು ಕೈ ಹಾಕಿದರು. ಮಡಿಸುತ್ತಲೇ, ಯಾರೂ ಕೇಳದಿದ್ದರೂ ಹೇಳಿದರು, "ನಿಮಗೆ ಗೊತ್ತಿಲ್ಲ ಭಾವ. ನಮ್ಮ ಕ್ಷೇತ್ರದಲ್ಲಿ ತಡವಾಗಿ ಬಂದ ಸರಿಯುತ್ತರವೂ ತಪ್ಪುತ್ತರವೇ."

"ಹಾಗಾದ್ರೆ ನೀನು ತಪ್ಪುತ್ತರ ಅಂತಾಯ್ತು."

ಚಪ್ಪಲಿ ಹುಡುಕುತ್ತಿದ್ದವರೆಲ್ಲ ನಕ್ಕರು. ಅಕ್ಕನೂ ನಕ್ಕಳು. ನಾನು ನಗಲಿಲ್ಲ, ಆದರೆ ಕರ್ಚೀಫಿನಿಂದ ಬಾಯಿ ಒರೆಸಿಕೊಂಡೆ. ನಮ್ಮವರು ಅದನ್ನೂ ನೋಡಿದರು.

ಮರುದಿನ ಬೆಳಿಗ್ಗೆ ಅವರು ಮನೆಯವರನ್ನೆಲ್ಲ ನಡುಮನೆಯಲ್ಲಿ ಸೇರಿಸಿದರು. ಎಲ್ಲರೂ ಎಂದರೆ ನಾನು, ಕಾಲೇಜಿಗೆ ಹೋಗುವ ಮಗಳು, ಮತ್ತು ಮೂಲೆಯ ಕುರ್ಚಿಯಲ್ಲಿ ಬಟಾಣಿ ಸುಲಿಯುತ್ತಿದ್ದ ಅತ್ತೆ. ನಮ್ಮವರ ಕೈಯಲ್ಲಿ ಫೋನಿತ್ತು. ರಾತ್ರಿಯೆಲ್ಲ ಕೂತು ಅದರೊಳಗೆ ಏನನ್ನೋ ಕಟ್ಟಿದ್ದರು. ಅದಕ್ಕೆ ಅವರು 'ಪದ್ಧತಿ' ಎಂದು ಹೆಸರಿಟ್ಟಿದ್ದರು.

"ಇನ್ನು ಮೇಲೆ ಈ ಮನೆಯಲ್ಲಿ ಯಾವ ಕೆಲಸವೂ ತಡವಾಗಲ್ಲ," ಎಂದರು. "ನನ್ನಿಂದ ಏನು ಕೆಲಸ ಆಗಬೇಕು, ಯಾವಾಗಿನೊಳಗೆ ಆಗಬೇಕು, ತಡವಾದ್ರೆ ಏನಾಗತ್ತೆ, ಇಷ್ಟು ಹೇಳಿ ಸಾಕು. ಯಾವುದರ ಗಡುವು ಹತ್ತಿರ ಇದೆಯೋ ಅದು ಮೊದಲು. ನಾನು ಯಾವ ಕೆಲಸದಲ್ಲೇ ಇರಲಿ, ಅದಕ್ಕಿಂತ ಹತ್ತಿರದ ಗಡುವಿನದು ಬಂದ್ರೆ ಫೋನು ಕೂಗತ್ತೆ. ಮಾಡ್ತಿರೋದನ್ನ ಅಲ್ಲೇ ಬಿಟ್ಟು ಅದಕ್ಕೆ ಹೋಗ್ತೀನಿ. ಮುಗಿಸಿ ಬಂದು ಬಿಟ್ಟ ಜಾಗದಿಂದ ಮುಂದುವರಿಸ್ತೀನಿ. ದೊಡ್ಡವರು ಸಣ್ಣವರು ಅಂತಿಲ್ಲ, ಮುಖ ನೋಡಿ ಮಣೆ ಹಾಕೋದಿಲ್ಲ. ಇದರಷ್ಟು ನ್ಯಾಯ ಇನ್ನೊಂದಿಲ್ಲ."

"ಗಡುವೇ ಇಲ್ಲದ ಕೆಲಸ ಅಪ್ಪ?" ಎಂದಳು ಮಗಳು.

"ಅದು ಹಿನ್ನೆಲೆ ಕೆಲಸ. ಬೇರೆ ಯಾವುದೂ ಇಲ್ಲದಾಗ ಅದು ನಡೆಯತ್ತೆ."

"ಈ ಮನೇಲಿ ಬೇರೆ ಯಾವುದೂ ಇಲ್ಲದೇ ಇರೋದು ಯಾವಾಗ?"

"ಬಿಡುವು ಸಿಕ್ಕೇ ಸಿಗತ್ತೆ. ಲಿಫ್ಟಿಗೇ ಸಿಗತ್ತೆ."

ಮಗಳು ತನ್ನ ಕಾಲೇಜಿನ ಕೆಲಸವೊಂದನ್ನು ಸಂಜೆಯೊಳಗೆ ಪ್ರಿಂಟ್ ಹಾಕಿಸಿಕೊಡಬೇಕೆಂದಳು. ನಾನು ಅಡುಗೆಮನೆಯ ಸೋರುವ ನಲ್ಲಿಯನ್ನು ಹೇಳಿದೆ. ತಡವಾದರೆ ಏನಾಗುತ್ತದೆ ಎಂದು ಕೇಳಿದ್ದಕ್ಕೆ ಕೆಳಗಿನ ಮನೆಯವರು ಮೇಲೆ ಬರುತ್ತಾರೆ ಎಂದೆ. ಆಮೇಲೆ ನಮ್ಮವರು ಅತ್ತೆಯ ಕಡೆ ತಿರುಗಿದರು.

"ನಂದೇನಿಲ್ಲಪ್ಪ," ಎಂದರು ಅತ್ತೆ. "ಕಣ್ಣು ಒಂದ್ಸಲ ತೋರಿಸ್ಕೊಂಡು ಬರಬೇಕು ಅಂತಿತ್ತು. ಬಲಗಣ್ಣಿನ ಅಂಚಲ್ಲಿ ಯಾರೋ ಪರದೆ ಎಳೆದ ಹಾಗಿರತ್ತೆ. ಅವಸರ ಏನಿಲ್ಲ. ನಿನ್ನ ಅನುಕೂಲ ನೋಡ್ಕೊಂಡು."

"ಕರ್ಕೊಂಡು ಹೋಗ್ತೀನಮ್ಮ. ಯಾವಾಗಿನೊಳಗೆ?"

"ಯಾವಾಗಾದ್ರೂ ಸರಿ."

"ತಡವಾದ್ರೆ ಏನಾಗತ್ತೆ?"

ಅತ್ತೆ ಕೈಯಲ್ಲಿದ್ದ ಬಟಾಣಿಯನ್ನು ತಿರುಗಿಸುತ್ತ, ಮಗ ಇಷ್ಟು ಗಂಭೀರವಾಗಿ ಕೇಳುತ್ತಿದ್ದಾನಲ್ಲ ಎಂದು ತಾವೂ ಗಂಭೀರವಾಗಿಯೇ ಯೋಚಿಸಿದರು. "ಏನಾಗತ್ತೆ? ಏನೂ ಆಗಲ್ಲ. ಇನ್ನೊಂದು ಕಣ್ಣಿದೆಯಲ್ಲ."

ನಮ್ಮವರು ಫೋನನ್ನು ಒತ್ತಿದರು. ಅತ್ತೆಯ ಕಣ್ಣು ಎಲ್ಲಕ್ಕಿಂತ ಕೆಳಗೆ ಹೋಗಿ ಕೂತಿತು.

ಅತ್ತೆಯ ಬಗ್ಗೆ ಒಂದು ಮಾತು ಹೇಳಬೇಕು. ಎಲ್ಲರ ಊಟ ಮುಗಿಯುವವರೆಗೆ ತಮಗೆ ಹಸಿವಿದೆ ಎಂದು ಅವರು ಒಪ್ಪಿಕೊಂಡದ್ದನ್ನು ನಾನು ನೋಡಿಲ್ಲ. ಬಸ್ಸಿನಲ್ಲಿ ಕೊನೆಗೆ ಇಳಿಯುತ್ತಾರೆ. ಅಂಗಡಿಯಲ್ಲಿ ತಮ್ಮ ಹಿಂದೆ ನಿಂತವರನ್ನು ಮುಂದೆ ಬಿಡುತ್ತಾರೆ. 'ಅವಸರ ಏನಿಲ್ಲ' ಎನ್ನುವುದು ಅವರ ಬಾಯಲ್ಲಿ ನಮಸ್ಕಾರ ಎಂದ ಹಾಗೆ. ಯಾರೂ ಅದರ ಅರ್ಥ ಹುಡುಕುವುದಿಲ್ಲ. ಹಾಗಿರುವಾಗ ಫೋನು ಅದನ್ನು ಅಕ್ಷರಶಃ ನಂಬಿಬಿಟ್ಟಿತು.

ಪದ್ಧತಿಯ ಮೊದಲ ಫಲ ನಮ್ಮವರ ಮುಖದ ಮೇಲೆಯೇ ಕಾಣಿಸಿತು. ಬೆಳಿಗ್ಗೆ ಎಡಗೆನ್ನೆ ಬೋಳಿಸಿ ಬ್ಲೇಡನ್ನು ಬಲಗೆನ್ನೆಗೆ ತರುವಷ್ಟರಲ್ಲಿ ಫೋನು ಟುಂಯ್ ಎಂದಿತು. ಒಲೆಯ ಮೇಲಿನ ಹಾಲು. ಹಾಲಿನ ಗಡುವು ಉಕ್ಕುವವರೆಗೆ ತಾನೆ. ಒಲೆ ಆರಿಸಿ ಬಂದರೆ ಮತ್ತೆ ಟುಂಯ್, ಮಗಳ ಬಸ್ಸು. ಅವಳನ್ನು ಹತ್ತಿಸಿ ಬರುವಷ್ಟರಲ್ಲಿ ಸ್ವತಃ ಆಫೀಸಿನ ಗಡುವೇ ಎಲ್ಲಕ್ಕಿಂತ ಹತ್ತಿರ ಬಂದಿತ್ತು. ನಮ್ಮವರು ಟವಲಿನಿಂದ ನೊರೆ ಒರೆಸಿಕೊಂಡು ಹೊರಟರು.

"ರೀ, ಇನ್ನರ್ಧ ಇದೆ," ಎಂದೆ.

"ಬಿಟ್ಟ ಜಾಗ ನೆನಪಿದೆ."

ಆಫೀಸಿನಲ್ಲಿ ಅವತ್ತು ಲಿಫ್ಟ್ ಕೊಳ್ಳುವವರು ಬಂದಿದ್ದರಂತೆ. ಮ್ಯಾನೇಜರು ನಮ್ಮವರ ಮುಖವನ್ನು ಬಹಳ ಹೊತ್ತು ನೋಡಿ, ಏನನ್ನೂ ಕೇಳದೆ, ಬಲಗೆನ್ನೆ ಗೋಡೆಯ ಕಡೆ ಇರುವ ಹಾಗೆ ಕುರ್ಚಿ ಹಾಕಿಸಿದರಂತೆ. ಸಂಜೆ ಮನೆಗೆ ಬಂದು ನಮ್ಮವರು ಬಲಗೆನ್ನೆಯನ್ನು ಬಿಟ್ಟ ಜಾಗದಿಂದಲೇ ಮುಂದುವರಿಸಿದರು. ಅಷ್ಟು ಹೊತ್ತಿಗೆ ಎಡಗೆನ್ನೆ ಚಿಗುರಿತ್ತು.

ವಾರ ಕಳೆಯುವಷ್ಟರಲ್ಲಿ ಮನೆಯಲ್ಲಿ ಪೂರ್ತಿಯಾದದ್ದು ಏನೂ ಉಳಿಯಲಿಲ್ಲ. ಹಳೆಯ ಬಲ್ಬು ಬಿಚ್ಚಿಯಾಗಿತ್ತು, ಹೊಸದು ಮೇಜಿನ ಮೇಲಿತ್ತು, ನಡುವೆ ಕತ್ತಲೆಯಿತ್ತು. ನಲ್ಲಿ ಬಿಚ್ಚಿ ಅದರ ಬಾಯಿಗೆ ಬಟ್ಟೆ ತುರುಕಿದ್ದರು. ನಡುಮನೆಯ ನೆಲದ ಮೇಲೆ ಒರೆಸಿದ ಜಾಗ ಒರೆಸದ ಜಾಗದ ನಡುವೆ ಗಡಿಯೊಂದು ನೇರವಾಗಿ ಹಾದುಹೋಗಿತ್ತು. ನಮ್ಮವರು ಮಾತ್ರ ಬೆವರು ಸುರಿಸುತ್ತ, ಆನಂದವಾಗಿದ್ದರು. ಇಷ್ಟು ಕೆಲಸವನ್ನು ಅವರು ಜನ್ಮದಲ್ಲಿ ಮುಟ್ಟಿರಲಿಲ್ಲ.

ಕೆಳಗಿನ ಮನೆಯಲ್ಲಿ ನಿವೃತ್ತ ಸ್ಟೇಷನ್ ಮಾಸ್ತರರೊಬ್ಬರಿದ್ದಾರೆ. ಅವರಿಗೆ ಮೆಟ್ಟಿಲ ಮೇಲೆಯೇ ಈ ಸುದ್ದಿ ಸಿಕ್ಕಿತು. ಅವರು ಪದ್ಧತಿಯನ್ನು ಇಡೀ ಕಟ್ಟಡದಲ್ಲಿ ಮೊದಲು ಮೆಚ್ಚಿದವರು.

"ಶಭಾಷ್ ಇಂಜಿನಿಯರೇ. ಇಷ್ಟು ವರ್ಷದಿಂದ ಈ ಕಟ್ಟಡದಲ್ಲಿ ಶಿಸ್ತೇ ಇರಲಿಲ್ಲ. ನನ್ನದೂ ಒಂದು ತಗೊಳ್ಳಿ. ಗೋಡೆ ಗಡಿಯಾರ ನಿಂತುಹೋಗಿದೆ. ನಾಲ್ಕು ಗಂಟೆಯೊಳಗೆ ಸರಿಹೋಗಬೇಕು."

"ತಡವಾದ್ರೆ ಏನಾಗತ್ತೆ ಮಾಸ್ತರೇ?"

"ನಾಲ್ಕಾಗಿದ್ದು ನನಗೆ ಗೊತ್ತಾಗಲ್ಲ."

ಇದರಲ್ಲಿ ತಪ್ಪು ಹುಡುಕಲು ನಮ್ಮವರಿಗೆ ಸಾಧ್ಯವಾಗಲಿಲ್ಲ. ಗಡಿಯಾರ ಎಲ್ಲಕ್ಕಿಂತ ಮೇಲೆ ಹೋಯಿತು.

ಮಾಸ್ತರರು ಮೇಲಿನ ಮನೆಯ ಟೈಲರಮ್ಮನಿಗೆ ಹೇಳಿದರು. ಟೈಲರಮ್ಮ ಬಟ್ಟೆ ಕೊಡಲು ಬಂದವರಿಗೆಲ್ಲ ಹೇಳಿದರು. ಹತ್ತಿರದ ಗಡುವು ಹೇಳಿದವರ ಕೆಲಸ ಮೊದಲಾಗುತ್ತದೆ ಎಂದು ಎಲ್ಲರಿಗೂ ಗೊತ್ತಾದ ಮೇಲೆ, ಗಡುವುಗಳು ತಾವಾಗಿಯೇ ಹತ್ತಿರ ಬರತೊಡಗಿದವು. ಭಾನುವಾರ ನಮ್ಮ ಬಾಗಿಲಲ್ಲಿ ನಡೆದದ್ದು ಹರಾಜಿನ ಹಾಗಿತ್ತು, ಆದರೆ ಕೂಗು ಇಳಿಮುಖವಾಗಿತ್ತು.

"ನನ್ನ ಮಿಷನ್ನಿನ ಬೆಲ್ಟು ಮಧ್ಯಾಹ್ನದೊಳಗೆ ಆಗಬೇಕು," ಎಂದರು ಟೈಲರಮ್ಮ.

"ನಮ್ಮ ರೇಡಿಯೋ ಹನ್ನೊಂದಕ್ಕೆ," ಎಂದರು ಮಾಸ್ತರರು.

"ಹಾಗಾದ್ರೆ ನಂದು ಹತ್ತೂವರೆ."

"ಈಗಲೇ ಹತ್ತೂ ಮುಕ್ಕಾಲು ಆಗಿದೆಯಲ್ಲಮ್ಮ."

"ಅದಕ್ಕೇ ಹೇಳ್ತಿರೋದು, ಆಗಲೇ ತಡವಾಗಿದೆ ಅಂತ."

ನಮ್ಮವರು ಬೆಲ್ಟು ಹಿಡಿದು ಕೂತರು, ರೇಡಿಯೋಗೆ ಎದ್ದರು, ರೇಡಿಯೋ ಬಿಚ್ಚುವಷ್ಟರಲ್ಲಿ ಭಾವನವರ ಫೋನು ಬಂತು, ಭಾವನವರ ಕೆಲಸಕ್ಕೆ ಹೊರಟವರನ್ನು ಮೆಟ್ಟಿಲ ಮೇಲೆ ಟೈಲರಮ್ಮ ಹಿಡಿದರು. ಸಂಜೆಯ ಹೊತ್ತಿಗೆ ಪ್ರತಿಯೊಂದು ಕೆಲಸವೂ ಮುಗಿಯುವುದಕ್ಕೆ ಸ್ವಲ್ಪ ಮೊದಲು ನಿಂತಿತ್ತು. ಎಲ್ಲವೂ ತಡವಾಗಿದ್ದವು. ಮಾಸ್ತರರು ಸಮಾಧಾನ ಹೇಳಿದರು, "ತಡವಾಗೋದು ತಪ್ಪಲ್ಲ ಇಂಜಿನಿಯರೇ. ತಡವಾಗಿದೆ ಅಂತ ಘೋಷಣೆ ಮಾಡದೇ ಇರೋದು ತಪ್ಪು." ಅಂದಿನಿಂದ ನಮ್ಮವರು ಮೆಟ್ಟಿಲ ಮೇಲೆ ನಿಂತು ಘೋಷಿಸಲೂ ತೊಡಗಿದರು.

ಇಷ್ಟೆಲ್ಲದರ ನಡುವೆ ನಾನು ಅತ್ತೆಯನ್ನು ನೋಡುತ್ತಿದ್ದೆ. ನೋಡುತ್ತಿರುವುದು ನನ್ನ ಸ್ವಭಾವ. ಮಗಳು ಇದನ್ನು ಕಾಯಿಲೆ ಎನ್ನುತ್ತಾಳೆ. ಅತ್ತೆ ಬಲಗಡೆಯಿಂದ ಬಂದವರನ್ನು ಕಂಡು ಬೆಚ್ಚುತ್ತಿದ್ದರು. ಯಾರಾದರೂ ಮಾತಾಡಿಸಿದರೆ ಹಕ್ಕಿಯ ಹಾಗೆ ಪೂರ್ತಿ ಕತ್ತು ತಿರುಗಿಸಿ ನೋಡುತ್ತಿದ್ದರು. ಸ್ವಿಚ್ಚು ಹಾಕುವಾಗ ಗೋಡೆಯನ್ನು ಸವರುತ್ತಿದ್ದರು. ಒಂದು ಬೆಳಿಗ್ಗೆ ಅವರು ಸುರಿದ ಚಹಾ ಲೋಟದ ಪಕ್ಕದಲ್ಲಿ ಅಚ್ಚುಕಟ್ಟಾಗಿ ಮೇಜಿನ ಮೇಲೆ ಹರಿಯಿತು. ಅವರು ಸದ್ದಿಲ್ಲದೆ ಸೆರಗಿನಿಂದ ಒರೆಸಿ, ಖಾಲಿ ಲೋಟವನ್ನು ಎತ್ತಿ ಕುಡಿದ ಹಾಗೆ ಮಾಡಿದರು.

ನಾನು ನಮ್ಮವರಿಗೆ ಹೇಳಿದೆ.

"ಪಟ್ಟಿಯಲ್ಲಿದೆ," ಎಂದರು.

"ಪಟ್ಟಿಯ ಬುಡದಲ್ಲಿದೆ."

"ಗಡುವು ಹೇಳು, ಈಗಲೇ ಮೇಲೆ ತರ್ತೀನಿ."

"ಕಣ್ಣಿಗೆ ಗಡುವು ಇದೆಯೋ ಇಲ್ಲವೋ ಡಾಕ್ಟರು ಹೇಳಬೇಕು ರೀ."

"ಸರಿ, ಹಾಗಾದ್ರೆ ಡಾಕ್ಟರನ್ನ ಕೇಳೋಣ."

"ಯಾವಾಗ ಹೋಗೋದು?"

"ಗಡುವು ಗೊತ್ತಾದ ಮೇಲೆ."

ಇದನ್ನು ಹೇಳುವಾಗ ಅವರ ಮುಖದಲ್ಲಿ ಯಾವ ಕಪಟವೂ ಇರಲಿಲ್ಲ. ಅವರು ತಮ್ಮ ತಾಯಿಯನ್ನು ಕಡೆಗಣಿಸುವವರಲ್ಲ. ತಾಯಿ ಒಂದು ಗಂಟೆ ಹೇಳಿದ್ದರೆ ಸಾಕಿತ್ತು, ಎತ್ತಿಕೊಂಡು ಓಡುತ್ತಿದ್ದರು.

ನಾನು ಅತ್ತೆಯ ಬಳಿ ಹೋದೆ. "ನಡೀರಿ ಅತ್ತೆ, ನಾನೇ ಕರ್ಕೊಂಡು ಹೋಗ್ತೀನಿ."

"ಬೇಡಮ್ಮ. ಅವನು ಹೋಗೋಣ ಅಂದಿದಾನೆ, ಬರ್ಕೊಂಡೂ ಇದಾನೆ. ನೀನು ಕರ್ಕೊಂಡು ಹೋದ್ರೆ ಅವನ ಮಾತಿಗೆ ಏನು ಬೆಲೆ ಬಂತು? ಕಟ್ಟಡದವರೆಲ್ಲ ಎಷ್ಟು ಹೊಗಳ್ತಿದಾರೆ ನೋಡು ಅವನನ್ನ. ನನ್ನ ಸರದಿ ಬರತ್ತೆ ಬಿಡು."

"ಒಂದು ದಿನ ಅಂತಾದ್ರೂ ಹೇಳಿ ಅತ್ತೆ ಅವರಿಗೆ."

"ಇಲ್ಲದ ಅವಸರ ಇದೆ ಅಂತ ಹೇಗೆ ಹೇಳಲಿ?"

ಇಡೀ ಕಟ್ಟಡದಲ್ಲಿ ಈ ಪ್ರಶ್ನೆ ಬೇರೆ ಯಾರಿಗೂ ಹೊಳೆದಿರಲಿಲ್ಲ.

ಅವತ್ತು ಊಟಕ್ಕೆ ಕೂತಾಗ ನಾನು ಅನ್ನದ ತಟ್ಟೆಯನ್ನೇ ನೋಡುತ್ತ ಹೇಳಿದೆ, "ಕಣ್ಣಿನ ಡಾಕ್ಟರು ಈ ಶನಿವಾರ ಮಧ್ಯಾಹ್ನದವರೆಗೆ ಮಾತ್ರ ನೋಡ್ತಾರಂತೆ. ಆಮೇಲೆ ದೇಶ ಬಿಟ್ಟು ಹೋಗ್ತಾರಂತೆ. ಅಂಥವರು ಇನ್ನೊಬ್ಬರು ಇಲ್ಲವಂತೆ." ಮಾತಿನ ವಿಷಯದಲ್ಲಿ ನಾನು ಎಚ್ಚರಿಕೆಯವಳು. ಆದ್ದರಿಂದಲೇ ಮೂರು ವಾಕ್ಯಕ್ಕೂ ಒಂದೊಂದು 'ಅಂತೆ' ಹಚ್ಚಿದ್ದೆ. ನಮ್ಮವರ ಬೆರಳು ಅನ್ನ ಬಿಟ್ಟು ಫೋನಿಗೆ ಹೋಯಿತು. ಅತ್ತೆಯ ಕಣ್ಣು ಸರಸರನೆ ಮೇಲೇರಿ, ಗಡಿಯಾರವನ್ನೂ ರೇಡಿಯೋವನ್ನೂ ದಾಟಿ ನಿಂತಿತು.

ಶನಿವಾರ ಅತ್ತೆ ಬೇಗ ಎದ್ದು, ತಲೆ ಬಾಚಿ, ಒಳ್ಳೆಯ ಸೀರೆ ಉಟ್ಟು ಕೂತರು. ನಾನೂ ಹೊರಡುವವಳೇ. ಆದರೆ ನಲ್ಲಿಯ ಪ್ಲಂಬರು ಆ ಬೆಳಿಗ್ಗೆಯೇ ಬರುತ್ತೇನೆಂದಿದ್ದ, ಅವನನ್ನು ಕಾಯುವ ಕೆಲಸ ಪದ್ಧತಿಯ ಪ್ರಕಾರ ನನ್ನ ಪಾಲಿಗೆ ಬಂದಿತ್ತು. ಮೆಟ್ಟಿಲ ತುದಿಯಲ್ಲಿ ನಿಂತು ನೋಡಿದೆ. ನಮ್ಮವರು ಮುಂದೆ, ಅತ್ತೆ ಹಿಂದೆ. ಪ್ರತಿ ಮೆಟ್ಟಿಲನ್ನೂ ಕಾಲಿನಿಂದ ಮುಟ್ಟಿ ನೋಡಿ ಇಳಿಯುತ್ತಿದ್ದರು.

"ಕೈ ಹಿಡ್ಕೊಳ್ಳಿ ರೀ," ಎಂದೆ ಮೇಲಿನಿಂದ. ಹಿಡಿದುಕೊಂಡರು.

ಮುಂದಿನದನ್ನು ನಮ್ಮವರು ಆಮೇಲೆ ಹೇಳಿದರು, ಒಂದೇ ಸಲ, ಗೋಡೆ ನೋಡಿಕೊಂಡು. ಬಸ್ಸು ಅರ್ಧ ದಾರಿ ಹೋಗಿತ್ತಂತೆ. ಫೋನು ಕೂಗಿತು. ಭಾವ.

"ಎಲ್ಲಿದೀಯಯ್ಯ? ಗ್ರಾಹಕರ ಮನೆಗೆ ಬೀರು ಸಾಗಿಸ್ತಿದೀವಿ, ಲಿಫ್ಟಿನ ಬಾಗಿಲಲ್ಲಿ ಸಿಕ್ಕಿಹಾಕ್ಕೊಂಡು ಕೂತಿದೆ. ನಿಮ್ಮ ಕಂಪನಿದೇ ಲಿಫ್ಟು. ಬಾಗಿಲು ಮುಚ್ಚತ್ತೆ, ಬೀರುಗೆ ತಾಗತ್ತೆ, ತೆಗೆಯತ್ತೆ. ಬೆಳಗಿಂದ ಇದೇ ಆಟ. ಹತ್ತೂವರೆಯೊಳಗೆ ಬೀರು ಬರದಿದ್ರೆ ಬೇಡವೇ ಬೇಡ ಅಂತಿದಾರೆ ಅವರು."

ಹತ್ತೂವರೆ ಮಧ್ಯಾಹ್ನಕ್ಕಿಂತ ಹತ್ತಿರ. ಆ ಮನೆ ಮುಂದಿನ ನಿಲ್ದಾಣದ ಪಕ್ಕದಲ್ಲೇ ಇತ್ತು. ನಮ್ಮವರು ಅತ್ತೆಯನ್ನು ಬಸ್ಸಿನಿಂದ ಇಳಿಸಿ, ಔಷಧದ ಅಂಗಡಿಯ ಎದುರಿನ ಬೆಂಚಿನ ಮೇಲೆ ಕೂರಿಸಿದರು.

"ಅಮ್ಮ, ಇಲ್ಲೇ ಕೂತಿರು. ಒಂದು ಕೆಲಸ ಮುಗಿಸಿ ಬಂದು ಇಲ್ಲಿಂದಲೇ ಮುಂದುವರಿಸ್ತೀನಿ."

"ನಿಧಾನವಾಗಿ ಬಾ. ಅವಸರ ಏನಿಲ್ಲ."

ಬೀರನ್ನು ಬಿಡಿಸಲು ಅದರ ಬಾಗಿಲು ಬಿಚ್ಚಬೇಕಾಯಿತು. ಬಿಚ್ಚಿದ ಮೇಲೆ ಮೇಲೊಯ್ದು ಜೋಡಿಸಬೇಕಾಯಿತು. "ಬಂದವನು ಬಂದೆ, ಈ ಮೇಜಿನ ಕಾಲೂ ನೋಡಿಬಿಡು, ಎರಡೇ ನಿಮಿಷ," ಎಂದರು ಭಾವ. ಎರಡೇ ನಿಮಿಷಕ್ಕಿಂತ ಹತ್ತಿರದ ಗಡುವು ಯಾವುದಿದೆ? ನಮ್ಮವರು ನೋಡಿಬಿಟ್ಟರು.

ಹಿಂದಿರುಗಿದಾಗ ಬೆಂಚಿನ ಮೇಲೆ ಒಬ್ಬ ದಪ್ಪನೆಯ ಮನುಷ್ಯ ಪೇಪರ್ ಓದುತ್ತ ಕೂತಿದ್ದ.

ಲಿಫ್ಟಿನ ಕಂಪ್ಯೂಟರಿನಲ್ಲಿ ಅರ್ಧಕ್ಕೆ ಬಿಟ್ಟ ಕೆಲಸ ಬಿಟ್ಟ ಜಾಗದಲ್ಲೇ ಇರುತ್ತದೆ. ಅದಕ್ಕೆ ಕಾಲಿರುವುದಿಲ್ಲ.

ನಮ್ಮವರು ಆ ಮನುಷ್ಯನನ್ನು ಎಬ್ಬಿಸಿ ಬೆಂಚಿನ ಕೆಳಗೂ ನೋಡಿದರಂತೆ. ಆಮೇಲೆ ನನಗೆ ಫೋನು ಮಾಡಿದರು.

"ಅಮ್ಮ ಮನೆಗೆ ಬಂದ್ಲಾ?"

"ಯಾವ ಅಮ್ಮ?"

ಅವರು ನಿಲ್ದಾಣದ ಹೆಸರನ್ನಷ್ಟೇ ಹೇಳಿದರು. ಹಿಂದೆ ಬಸ್ಸುಗಳ ಸದ್ದು ಬರುತ್ತಿತ್ತು. ಪ್ಲಂಬರನನ್ನು ಮಗಳಿಗೊಪ್ಪಿಸಿ ನಾನು ಮೆಟ್ಟಿಲಿಳಿದೆ. ನನ್ನ ಮುಖ ನೋಡಿ ಮಾಸ್ತರರು ಏನು ಎಂದು ಕೇಳಿದರು. ಹೇಳಿದೆ. ಅವರು ಕೋಟು ಹಾಕಿಕೊಂಡು ನನ್ನ ಜೊತೆ ಹೊರಟರು.

ಆ ನಿಲ್ದಾಣದಲ್ಲಿ ಬಸ್ಸಿಗೆ ಕಾಯುವವರ ಗುಂಪಿತ್ತು. ಮಾಸ್ತರರು ಅದರ ನಡುವೆ ನಿಂತು, ಎದೆ ಸೆಟೆಸಿ, ವರ್ಷಗಟ್ಟಲೆ ಕೂಗಿ ಪಳಗಿದ ದನಿಯಲ್ಲಿ ಘೋಷಿಸಿದರು, "ಪ್ರಯಾಣಿಕರು ದಯವಿಟ್ಟು ಗಮನಿಸಬೇಕು. ನೀಲಿ ಸೀರೆ, ಬಿಳಿ ಕೂದಲು, ಕತ್ತು ಪೂರ್ತಿ ತಿರುಗಿಸಿ ನೋಡುವ ಹಿರಿಯ ಮಹಿಳೆಯೊಬ್ಬರು." ಇಷ್ಟು ಹೇಳಿ, ಮುಂದೆ ಅಭ್ಯಾಸಬಲದಿಂದ, "ತಡವಾಗಿ ಬರುವ ನಿರೀಕ್ಷೆ ಇದೆ," ಎಂದುಬಿಟ್ಟರು. ಯಾರೂ ನಗಲಿಲ್ಲ. ಮಾಸ್ತರರು ಕೋಟಿನ ಗುಂಡಿ ನೋಡಿಕೊಂಡರು. ನಮ್ಮವರು ಪಾದಚಾರಿ ದಾರಿಯ ಅಂಚಿನಲ್ಲಿ ನಿಂತಿದ್ದರು. ಅವರ ಅಂಗಿಯ ತುಂಬ ಮರದ ಪುಡಿ.

ಘೋಷಣೆ ಕೇಳಿ ಔಷಧದ ಅಂಗಡಿಯವರು ಹೊರಗೆ ಬಂದರು. "ಆ ಅಮ್ಮನಾ? ಕಣ್ಣಾಸ್ಪತ್ರೆ ಎಷ್ಟು ದೂರ ಅಂತ ಕೇಳ್ತಿದ್ರು. ರಸ್ತೆ ದಾಟೋವರೊಬ್ಬರ ಕೈ ಹಿಡ್ಕೊಂಡು ಆ ಕಡೆ ಹೋದ್ರು."

ಓಡಿದೆವು. ದಾರಿಯಲ್ಲಿ ನಮ್ಮವರ ಜೇಬಿನಲ್ಲಿ ಫೋನು ಟುಂಯ್ ಎಂದಿತು. ಮತ್ತೆ ಟುಂಯ್. ಟೈಲರಮ್ಮ ಇರಬೇಕು, ಭಾವ ಇರಬೇಕು. ನಮ್ಮವರು ನಡುರಸ್ತೆಯಲ್ಲಿ ನಿಂತರು. ಅವರು ಫೋನನ್ನು ತೆಗೆದು, ನೋಡದೆ, ಆರಿಸಿ, ನನ್ನ ಕೈಗೆ ಕೊಟ್ಟು ಮತ್ತೆ ಓಡಿದರು.

ಆಸ್ಪತ್ರೆಯ ಮೇಲಿನ ಮಹಡಿಯ ಉದ್ದನೆಯ ಹಾಲಿನಲ್ಲಿ ಕುರ್ಚಿಗಳೆಲ್ಲ ಖಾಲಿಯಾಗಿದ್ದವು. ಕೊನೆಯ ಕುರ್ಚಿಯಲ್ಲಿ ಅತ್ತೆ ಟೋಕನ್ ಹಿಡಿದು ಕೂತಿದ್ದರು, ಬಸ್ಸಿನಲ್ಲಿ ಕೂತ ಹಾಗೆ.

"ಇವರು ನಿಮ್ಮವರಾ?" ಎಂದಳು ನರ್ಸು, ಕಿಟಕಿ ಮುಚ್ಚುತ್ತ. "ಕರೆದೂ ಕರೆದೂ ಸಾಕಾಯ್ತು ನನಗೆ. ಪ್ರತಿ ಸಲ ಪಕ್ಕದವರನ್ನ ಒಳಗೆ ಕಳಿಸ್ತಾರೆ. ಒಬ್ಬರ ಮಗು ಅಳ್ತಿದೆಯಂತೆ, ಇನ್ನೊಬ್ಬರಿಗೆ ಬಸ್ ತಪ್ಪತ್ತಂತೆ. ಈಗ ಡಾಕ್ಟರೇ ಎದ್ದು ಹೊರಟರು, ನೋಡಿ."

"ಪಾಪ, ಅವರಿಗೆಲ್ಲ ಅವಸರ ಇತ್ತು ಕಣೋ," ಎಂದರು ಅತ್ತೆ ಮಗನ ದನಿಯಿದ್ದ ಕಡೆಗೆ. ಆಮೇಲೆ ತಪ್ಪು ಮಾಡಿದವರ ಹಾಗೆ ಹೇಳಿದರು, "ಅಲ್ಲೇ ಕೂತಿರು ಅಂದಿದ್ದೆ ನೀನು. ಕೂತೇ ಇದ್ದೆ. ಪರದೆ ಇನ್ನಷ್ಟು ಇಳಿದ ಹಾಗಾಯ್ತು. ಆಗ ಒಂದು ಸ್ವಲ್ಪ ಅವಸರ ಅನ್ನಿಸ್ತು."

ಹಾಲಿನ ಆ ತುದಿಯಲ್ಲಿ ಡಾಕ್ಟರು ಲಿಫ್ಟಿನೊಳಗೆ ನಿಂತಿದ್ದರು. ಬಾಗಿಲು ಮುಚ್ಚಿಕೊಳ್ಳುತ್ತಿತ್ತು. ನಮ್ಮವರು ಅಷ್ಟು ವೇಗವಾಗಿ ಓಡಿದ್ದನ್ನು ನಾನು ಕಂಡಿರಲಿಲ್ಲ. ಬಾಗಿಲುಗಳ ನಡುವೆ ಉಳಿದಿದ್ದ ಸಣ್ಣ ಸಂದಿಗೆ ಮೊಣಕೈವರೆಗೆ ತೋಳು ತೂರಿಸಿಬಿಟ್ಟರು.

ಅದು ಯಾವ ಕಂಪನಿಯ ಲಿಫ್ಟೋ ನನಗೆ ಗೊತ್ತಿಲ್ಲ. ಬಾಗಿಲು ತಕ್ಷಣ ತೆರೆದುಕೊಂಡಿತು.

ಡಾಕ್ಟರು ಹಿಂದಿರುಗಿ ಬಂದು, ಕೋಣೆಯ ದೀಪವನ್ನು ಮತ್ತೆ ಹಾಕಿ, ಅತ್ತೆಯ ಕಣ್ಣಿಗೆ ಬೆಳಕು ಬಿಟ್ಟು ಬಹಳ ಹೊತ್ತು ನೋಡಿದರು. "ಎಷ್ಟು ದಿನದಿಂದ ಹೀಗಿದೆ ಅಮ್ಮ?"

"ಸುಮಾರು ದಿನ ಆಯ್ತು. ನನ್ನ ಸರದಿ ಬರಲಿ ಅಂತಿದ್ದೆ."

ಡಾಕ್ಟರು ತಲೆಯೆತ್ತಿ ನಮ್ಮವರನ್ನು ನೋಡಿದರು. "ಕಣ್ಣಿನ ಒಳಪದರ ಬಿಟ್ಕೊಂಡು ಬರ್ತಿದೆ. ನಡುಭಾಗ ಇನ್ನೂ ಉಳಿದಿದೆ. ಈಗಲೇ ಸೇರಿಸಿ, ಇವತ್ತೇ ಆಪರೇಷನ್ ಆಗಬೇಕು. ಸೋಮವಾರ ಬಂದಿದ್ರೆ ನಾನೇನೂ ಹೇಳೋ ಹಾಗಿರಲಿಲ್ಲ."

ನಮ್ಮವರು ತಾಯಿಯ ಕೈಯಿಂದ ಟೋಕನ್ ತೆಗೆದುಕೊಂಡರು. ಆಮೇಲೆ ಕೇಳಿದರು, "ಡಾಕ್ಟರೇ, ನೀವು ದೇಶ ಬಿಟ್ಟು ಹೋಗ್ತಿದೀರಂತಲ್ಲ. ಹೊರಡೋದರೊಳಗೆ ಆಗತ್ತಾ?"

"ನಾನು ಊಟಕ್ಕೆ ಹೊರಟಿದ್ದೆ," ಎಂದರು ಡಾಕ್ಟರು.

ನಮ್ಮವರು ನನ್ನ ಕಡೆ ತಿರುಗಿದರು. ಗೋಡೆಯ ಮೇಲೆ ಅಕ್ಷರಗಳ ಫಲಕವಿತ್ತು. ನಾನು ಅದರ ಕೊನೆಯ ಸಾಲನ್ನು ಓದುವ ಪ್ರಯತ್ನ ಮಾಡುತ್ತಿದ್ದೆ.

ಅತ್ತೆಯ ಬಲಗಣ್ಣು ಉಳಿಯಿತು. ಪೂರ್ತಿಯಲ್ಲ, ಹೊರಗಿನ ಒಂದು ಮೂಲೆ ಕತ್ತಲಾಗಿಯೇ ಇದೆ. ಯಾರಾದರೂ ಕೇಳಿದರೆ, "ಆ ಮೂಲೇಲಿ ನೋಡೋದಕ್ಕೆ ಅಂಥದ್ದೇನಿರತ್ತೆ ಬಿಡು," ಎನ್ನುತ್ತಾರೆ. ಭಾವ ಒಂದು ಒರಗು ಕುರ್ಚಿಯನ್ನು ತಾವೇ ಹೊತ್ತು ಮೆಟ್ಟಿಲು ಹತ್ತಿ ತಂದಿಟ್ಟರು. ಅವತ್ತು ಅವರು ಸಣ್ಣ ದನಿಯಲ್ಲಿ ಮಾತಾಡಿದರು. ಅದು ಅವರಿಗೆ ಬರುತ್ತದೆ ಎಂದು ಅಕ್ಕನಿಗೂ ಗೊತ್ತಿರಲಿಲ್ಲ. ಟೈಲರಮ್ಮ ಬೆಲ್ಟನ್ನು ಬೇರೆಯವರಿಂದ ಹಾಕಿಸಿಕೊಂಡರು. ಪದ್ಧತಿ ಮುಗಿಯಿತು ಎಂದು ಯಾರೂ ಘೋಷಿಸಲಿಲ್ಲ. ಫೋನು ಕೂಗುವುದು ನಿಂತಿತು, ಅಷ್ಟೆ. ಒಬ್ಬರೂ ಅದರ ಬಗ್ಗೆ ಕೇಳಲಿಲ್ಲ.

ಮೊನ್ನೆ ಬೆಳಿಗ್ಗೆ ನಮ್ಮವರು ಕನ್ನಡಿಯ ಮುಂದೆ ಮುಖಕ್ಕೆ ನೊರೆ ಬಳಿದುಕೊಂಡು ನಿಂತಿದ್ದರು. ಅತ್ತೆ ನಡುಮನೆಯಲ್ಲಿ ಮಡಿಲ ಮೇಲೆ ರವಿಕೆಯೊಂದನ್ನು ಹರಡಿಕೊಂಡು, ಕತ್ತು ಓರೆ ಮಾಡಿ ಸೂಜಿ ಪರೀಕ್ಷಿಸುತ್ತಿದ್ದರು.

"ಲೋ, ಯಾವಾಗಾದ್ರೂ ಆ ಕಡೆ ಹೋದ್ರೆ ಒಂದು ಬಿಳಿ ದಾರದ ಉಂಡೆ ತಗೊಂಡು ಬಾ," ಎಂದರು. "ಅವಸರ ಏನಿಲ್ಲ."

ಬಚ್ಚಲಿನಲ್ಲಿ ನಲ್ಲಿ ನಿಂತ ಸದ್ದು ಕೇಳಿತು. ನಮ್ಮವರು ಹೊರಗೆ ಬಂದರು. ಎಡಗೆನ್ನೆ ನುಣ್ಣಗಿತ್ತು, ಬಲಗೆನ್ನೆಯ ಮೇಲೆ ನೊರೆ ಹಾಗೇ ಇತ್ತು. ಚಪ್ಪಲಿ ಮೆಟ್ಟಿಕೊಂಡು ಬಾಗಿಲು ತೆಗೆದರು.

"ಏನ್ ಇಂಜಿನಿಯರೇ, ಎತ್ತ ಕಡೆ ಸವಾರಿ?" ಎಂದು ಮಾಸ್ತರರು ಕೆಳಗಿನಿಂದ ಕೇಳುವುದು ಕೇಳಿಸಿತು. "ಎಷ್ಟು ಗಂಟೆಯೊಳಗೆ?"

"ಗಡುವಿಲ್ಲ ಮಾಸ್ತರೇ," ಎಂದರು ನಮ್ಮವರು. ಚಪ್ಪಲಿಯ ಸದ್ದು ಮೆಟ್ಟಿಲುಗಳನ್ನು ಎರಡೆರಡಾಗಿ ಹಾರಿಕೊಂಡು ಇಳಿಯಿತು.

ಅತ್ತೆ ಪೂರ್ತಿ ಕತ್ತು ತಿರುಗಿಸಿ ಬಾಗಿಲ ಕಡೆ ನೋಡಿದರು. "ಎಲ್ಲಿಗೆ ಹೋದ ಅವನು, ಅರ್ಧ ಮುಖದಲ್ಲಿ?"

"ದಾರಕ್ಕೆ."

"ಅವಸರ ಏನಿಲ್ಲ ಅಂದೆನಲ್ಲಮ್ಮ."

"ಅದಕ್ಕೇ ಅತ್ತೆ," ಎಂದೆ.